ಕ್ಲಚ್ಚಿನ ನಾಡಿ ನೋಡುವ ಕಾಲು

ಬೆಳಿಗ್ಗೆ ಏಳೂಮುಕ್ಕಾಲಿಗೆ, ಆಸ್ಪತ್ರೆಯ ಏರಿನಲ್ಲಿ ಮೇಲಕ್ಕೆ ಹೋಗಬೇಕಾಗಿದ್ದ ಲಾಂಡ್ರಿಯ ಪಿಕಪ್ ಗಾಡಿ ಕೆಳಕ್ಕೆ ಬಂದು, ಗೇಟಿನ ಪಕ್ಕದ ಕಾವಲುಗೂಡನ್ನು ಒಳಗಿದ್ದ ವಾಚ್‌ಮನ್ ಸಮೇತ ಎರಡು ಮಾರು ಹಿಂದಕ್ಕೆ ತಳ್ಳಿತು.

ಸಾವುನೋವು ಸಂಭವಿಸಲಿಲ್ಲ. ವಾಚ್‌ಮನ್ನನ ಚಹಾ ಚೆಲ್ಲಿತು. ಗೂಡಿನ ಒಂದು ಮೂಲೆ ಎದ್ದು, ಇನ್ನೊಂದು ಮೂಲೆ ಚರಂಡಿಗೆ ಇಳಿಯಿತು. ಗಾಡಿಯ ಎಂಜಿನ್ ಆಗಲೂ ಬೆಟ್ಟ ಹತ್ತುವಂತೆಯೇ ಕೂಗುತ್ತಿತ್ತು. ಚಕ್ರಗಳಿಗೆ ಆ ಕೂಗು ತಲುಪಿರಲಿಲ್ಲ.

"ಬ್ರೇಕ್ ಇಲ್ವಾ ಗಾಡಿಗೆ?" ವಾಲಿದ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಚ್‌ಮನ್ ಕೇಳಿದ.

"ಇದೆ."

"ಮತ್ತೆ?"

"ಬ್ರೇಕ್ ಒತ್ತಿದ್ರೆ ಗಮನ ಹೋಗುತ್ತೆ. ಕ್ಲಚ್ಚಿನ ನಾಡಿ ನೋಡ್ತಿದ್ದೆ."

"ಇನ್ನೊಂದು ಗಳಿಗೆ ನೋಡಿದ್ರೆ ನನ್ನ ನಾಡೀನೂ ನೋಡ್ಬೇಕಾಗಿತ್ತು."

ಡ್ರೈವರ್ ಈ ಮಾತನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಕಣ್ಣು ಮುಚ್ಚಿ, ಎಡಗಾಲನ್ನು ಪೆಡಲಿನ ಮೇಲಿಟ್ಟು, ತಲೆಯನ್ನು ಸ್ವಲ್ಪ ವಾಲಿಸಿ ಕುಳಿತಿದ್ದ. ಕೊನೆಗೆ ಕಣ್ಣು ತೆರೆದು, "ರಿಲೀಸ್ ಬೇರಿಂಗ್," ಎಂದ.

ಈ ಕಾಲಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಬಹಳ ವರ್ಷಗಳ ಹಿಂದೆ ಅವನು ಯಾರದೋ ಕಾರಿನ ಕ್ಲಚ್ಚಿನ ಮೇಲೆ ಬರಿಗಾಲಿಟ್ಟು, "ರಿಲೀಸ್ ಬೇರಿಂಗ್ ಹೋಗಿದೆ," ಎಂದಿದ್ದ. ಬಿಚ್ಚಿ ನೋಡಿದರೆ ಹೋಗಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಆಮೇಲೆ ಅವನು ಹೇಳಿದ್ದರಲ್ಲಿ ಹೆಚ್ಚಿನವು ತಪ್ಪಾದವು. ಆದರೆ ಹೆಸರು ಒಮ್ಮೆ ಅಂಟಿದರೆ ತಪ್ಪುಗಳಿಂದ ಕಳಚುವುದಿಲ್ಲ. ಬೀದಿಯವರು ಅವನನ್ನು 'ಕಾಲ್ ಡಾಕ್ಟ್ರು' ಎಂದು ಕರೆದರು. ಕೆಲವರು ತಮಾಷೆಗೆ ಕರೆದರು, ಅವನು ಮಾತ್ರ ಎಲ್ಲರಿಗೂ ಗಂಭೀರವಾಗಿಯೇ ಓಗೊಟ್ಟ. "ಬೇರೆಯವರಿಗೆ ಕ್ಲಚ್ ಕೆಟ್ಟಿದ್ದು ಗಾಡಿ ನಿಂತ ಮೇಲೆ ಗೊತ್ತಾಗುತ್ತೆ. ನನಗೆ ಅಂಗಾಲಲ್ಲೇ ಗೊತ್ತಾಗುತ್ತೆ," ಎನ್ನುತ್ತಿದ್ದ.

ಇತ್ತೀಚೆಗೆ ಅವನು ಬರಿಗಾಲಿನ ಪದ್ಧತಿ ಬಿಟ್ಟಿದ್ದ. ಎರಡು ಸಲ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದದ್ದು ಇದಕ್ಕೆ ಕಾರಣ. ಇನ್ನೊಂದು ಎಲ್ಲಿ ಕಳಚಿತು ಎಂದು ಹೆಂಡತಿ ಕೇಳಿದಾಗಲೇ ಅವನಿಗೆ ವಿಷಯ ತಿಳಿದದ್ದು. "ಏನೋ ದೊಡ್ಡ ಯೋಚನೇಲಿದ್ದೆ," ಎಂದ. ಹೆಂಡತಿ ಲೇಸು ಕಟ್ಟುವ ಬೂಟು ತಂದುಕೊಟ್ಟಳು. ಇದು ಕಳಚದು ಎಂದು ಅವನು ಲೇಸನ್ನು ಮೂಟೆ ಬಿಗಿದಂತೆ ಬಿಗಿಯತೊಡಗಿದ.

ಗಾಡಿಯನ್ನು ಎಳೆಸಿಕೊಂಡು ಲಾಂಡ್ರಿಗೆ ತರುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂದಿತ್ತು. ಲಾಂಡ್ರಿ ಅವನ ಹೆಂಡತಿಯ ಅಣ್ಣನದು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ದಿನಕ್ಕೆರಡು ಸಲ ಮುಟ್ಟಿಸುವುದು ಅದರ ಕೆಲಸ. ಬಾಯ್ಲರಿನ ಹಬೆಯಲ್ಲಿ ದಿನವಿಡೀ ನಿಂತು ಭಾವನ ಮುಖ ಹಿಂಡಿದ ಬಟ್ಟೆಯಂತೆ ಆಗಿತ್ತು. ಅವನು ಕೂಗಾಡುವವನಲ್ಲ. ಅದೇ ಕಷ್ಟ.

"ನೋಡಪ್ಪ," ಎಂದ ಭಾವ, "ಇದು ನೀನು ಸುಟ್ಟ ಮೂರನೇ ಕ್ಲಚ್ ಪ್ಲೇಟು."

"ಪ್ಲೇಟಲ್ಲ ಭಾವ. ಬೇರಿಂಗು. ನಾನು ನೋಡಿದೀನಿ."

"ನೀನು ನೋಡಿದ್ದಕ್ಕೇ ವಾಚ್‌ಮನ್ ಗೂಡು ಚರಂಡೀಲಿದೆ. ನಾನು ಹೇಳೋದು ಒಂದೇ ಮಾತು. ನಾಲ್ಕನೇ ಪ್ಲೇಟ್ ಹಾಕಿಸ್ತೀನಿ. ಅದೂ ಸುಟ್ರೆ ಕೀಲಿ ತಂಗಿ ಕೈಗೆ. ನೀನು ಮಡಚೋ ಮೇಜಿಗೆ."

ಮಡಚುವ ಮೇಜು ಒಳಗಿನ ಉದ್ದನೆಯ ಕೋಣೆಯಲ್ಲಿತ್ತು. ಅಲ್ಲಿ ದಿಂಬಿನ ಚೀಲಗಳನ್ನು ನಾಲ್ಕು ಮಡಿಕೆ, ಹೊದಿಕೆಗಳನ್ನು ಎಂಟು ಮಡಿಕೆ ಮಾಡುತ್ತಿದ್ದರು. ಕೆಲಸ ಕೆಟ್ಟದ್ದೇನಲ್ಲ. ಹೆಂಡತಿ ಇಷ್ಟು ವರ್ಷ ಅದನ್ನೇ ಮಾಡಿದ್ದಳು. ಆದರೆ ದಿಂಬಿನ ಚೀಲ ಮಡಚುವವನನ್ನು ಯಾರೂ ಡಾಕ್ಟ್ರೇ ಎಂದು ಕರೆಯುವುದಿಲ್ಲ, ಬೀದಿಯಲ್ಲಿ ನಿಲ್ಲಿಸಿ ಗೇರ್‌ಬಾಕ್ಸಿನ ಬಗ್ಗೆ ಅಭಿಪ್ರಾಯ ಕೇಳುವುದಿಲ್ಲ. ಡ್ರೈವರ್ ಜೇಬಿನೊಳಗೆ ಕೈ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಅಣ್ಣ ಹೇಳೋದ್ರಲ್ಲಿ ತಪ್ಪೇನಿದೆ?" ಎಂದಳು ಹೆಂಡತಿ. "ನಂಗೂ ಲೈಸೆನ್ಸ್ ಇದೆ. ಕಲಿಸಿದ್ದು ನೀವೇ."

"ಕಲಿಸಿದ್ದು ಕಷ್ಟಕಾಲಕ್ಕೆ."

"ಇದು ಮತ್ತೇನು?"

ಮೇಸ್ತ್ರಿಯ ಶೆಡ್ಡಿನಲ್ಲಿ ಗೇರ್‌ಬಾಕ್ಸ್ ಇಳಿಸಿದಾಗ ಸತ್ಯಾಂಶಗಳು ಹೀಗಿದ್ದವು: ಕ್ಲಚ್ ಪ್ಲೇಟು ರಿವೆಟ್ಟುಗಳ ತನಕ ಸವೆದಿತ್ತು. ಫ್ಲೈವೀಲಿನ ಮುಖ ಕಾದು ಕಾದು ನೀಲಿಯಾಗಿತ್ತು. ಬೇರಿಂಗೂ ಹೋಗಿತ್ತು. ಡ್ರೈವರ್ ಇದನ್ನು ಕಂಡು ಸುತ್ತ ಇದ್ದವರ ಕಡೆ ಒಂದು ನೋಟ ಬೀರಿದ.

ಮೇಸ್ತ್ರಿ ದಪ್ಪ ಮನುಷ್ಯ. ತನ್ನ ಶೆಡ್ಡಿನಲ್ಲಿ ಬೇರೊಬ್ಬ ಡಾಕ್ಟರ್ ಇರುವುದು ಅವನಿಗೆ ಸರಿಬರುತ್ತಿರಲಿಲ್ಲ.

"ಎಲ್ಲಾ ಒಂದೇ ಕಾಯಿಲೆ," ಎಂದ. "ಪೆಡಲ್ ಮೇಲೆ ಕಾಲಿಟ್ಟು ಓಡಿಸಿದೀಯ."

"ಕಾಲಿಡದೆ ಓಡ್ಸೋಕೆ ನಾನೇನು ಹಕ್ಕೀನಾ?"

"ಗೇರ್ ಬದಲಾಯಿಸೋವಾಗ ಇಡು, ತೆಗಿ. ನೀನು ಇಟ್ಟಿದ್ದು ತೆಗೆದಿಲ್ಲ. ಪೆಡಲ್ ಅರ್ಧ ಒತ್ತಿದ್ರೆ ಪ್ಲೇಟ್ ಅರ್ಧ ಹಿಡಿಯುತ್ತೆ. ಹಿಡಿದು ಜಾರುತ್ತೆ, ಜಾರಿ ಸುಡುತ್ತೆ. ರಬ್ಬರ್ ನೋಡು, ಪೆಡಲ್ ಮೇಲಿನ ರಬ್ಬರ್ ಕೂಡ ತಿಂದ್ಹಾಕಿದೀಯ. ಬರೀ ಕಬ್ಬಿಣ ಉಳಿದಿದೆ."

"ಮಕ್ಕಳ ಮೇಲೆ ಆಣೆ, ನನ್ನ ಕಾಲು ನೆಲದ ಮೇಲಿರುತ್ತೆ. ನಿನ್ನ ಪ್ಲೇಟೇ ನಕಲಿ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕಿದ್ರೆ ಡೊಂಕು ಅನ್ನಬಾರ್ದಾ?"

ಭಾವ ನಡುವೆ ಬಂದು, ಏನೇನು ಕೆಟ್ಟಿರಲು ಸಾಧ್ಯವೋ ಅದನ್ನೆಲ್ಲ ನೋಡು ಎಂದು ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಎಲ್ಲವನ್ನೂ ನೋಡಿದ. ಪ್ಲೇಟು, ಅದರ ಮೇಲಿನ ಕವರು, ಬೇರಿಂಗು ಹೊಸದಾದವು. ಎಂಜಿನ್ ಎಣ್ಣೆ ಜಿನುಗಿ ಪ್ಲೇಟಿಗೆ ಹಚ್ಚಿಕೊಳ್ಳದಿರಲೆಂದು ಸೀಲು ಬದಲಾಯಿತು. ಹಿಂದಿನ ಚಕ್ರಗಳಿಗೆ ಹೋಗುವ ಉದ್ದ ಶಾಫ್ಟಿನ ಕೀಲುಗಳನ್ನು ಅಲುಗಾಡಿಸಿ ನೋಡಿದ್ದಾಯಿತು. ಒತ್ತಿದ ಪೆಡಲು ಕ್ಲಚ್ಚಿಗೆ ತಗುಲುವ ಮುಂಚೆ ಬೆರಳಗಲ ಸಡಿಲವಾಗಿ ಆಡುವಂತೆ ಕೂಡಿಸಿದ. ಕೊನೆಗೆ ಕೈಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟ. ಎಂಜಿನ್ ಒಂದು ಸಲ ನಡುಗಿ ಸತ್ತಿತು.

"ಸತ್ತಿತಲ್ಲ, ಇದು ಆರೋಗ್ಯ," ಎಂದ ಮೇಸ್ತ್ರಿ. "ಸಾಯದೆ ಕೂಗ್ತಾನೇ ಇದ್ರೆ ಕ್ಲಚ್ ಜಾರ್ತಿದೆ ಅಂತ ಅರ್ಥ."

ಹೊಸ ಕ್ಲಚ್ಚು ಬಂದ ಮೇಲೆ ಗಾಡಿಯಲ್ಲಿ ಹೊಸ ತೊಂದರೆ ಕಾಣಿಸಿಕೊಂಡಿತು. ಮುಂದಿನ ಕ್ಯಾಬಿನ್ನಿನಲ್ಲಿ ವಾಸನೆ.

ಈ ವಾಸನೆಯ ಮೂಲದ ಬಗ್ಗೆ ಭಿನ್ನ ಹೇಳಿಕೆಗಳಿವೆ. ಭಾವ ಅದನ್ನು ಆಸ್ಪತ್ರೆಯ ಕೊಳೆ ಬಟ್ಟೆಯದೆಂದ. "ಕೊಳೆ ಬಟ್ಟೆ ಹಿಂದೆ ಇರುತ್ತೆ, ವಾಸನೆ ಮುಂದೆ ಇದೆ," ಎಂದಳು ಹೆಂಡತಿ. ವಾಚ್‌ಮನ್ ಈಗ ದಿನವೂ ಗಾಡಿಯನ್ನು ಗೇಟಿನಲ್ಲಿ ತಡೆದು ಪರೀಕ್ಷಿಸುವ ಹಕ್ಕು ಪಡೆದುಕೊಂಡಿದ್ದ. ಅವನು ಮೂಗು ಮುಚ್ಚಿಕೊಂಡು, "ಇಲಿ ಸತ್ತಿದೆ, ಬರೆದಿಟ್ಕೊಳ್ಳಿ," ಎಂದ. ಸೀಟನ್ನು ಬಿಚ್ಚಿ ಅಂಗಳದಲ್ಲಿಟ್ಟು ಹುಡುಕಿದರು. ಒಂದು ಬಾಚಣಿಗೆ, ಒಂದು ಚಮಚ, ಯಾರದೋ ಮೂಗುತಿಯ ತಿರುಪು ಸಿಕ್ಕವು. ಇಲಿ ಸಿಗಲಿಲ್ಲ.

ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ, ಗೇರ್‌ಬಾಕ್ಸಿನ ತಳವನ್ನು ಚಿಂದಿಯಿಂದ ಒರೆಸಿ, ಚಿಂದಿಯನ್ನು ಮೂಸಿದ.

"ಗೇರ್ ಆಯಿಲ್," ಎಂದ. "ಹಳೇದಾದ್ರೆ ಹೆಣದ ವಾಸನೆ ಬರುತ್ತೆ. ಜಿನುಗಿ ಮೇಲೆ ಬರ್ತಿದೆ."

ಗೇರ್‌ಬಾಕ್ಸಿನ ಎಣ್ಣೆ ಬದಲಾಯಿತು. ಹಿಂದಿನ ಆಕ್ಸಲಿನ ಎಣ್ಣೆಯೂ ಬದಲಾಯಿತು. ವಾಸನೆ ಬದಲಾಗಲಿಲ್ಲ.

"ನಂಗೇನೂ ಬರ್ತಾ ಇಲ್ಲ," ಎಂದ ಡ್ರೈವರ್. ಅದು ನಿಜ. ಯಾವಾಗಲೂ ಅದರೊಳಗೇ ಕೂತವನಿಗೆ ಬರುವುದಿಲ್ಲ.

ಈ ನಡುವೆ ಅವನಿಗೆ ಜ್ವರ ಬಂತು. ಗಾಡಿಯ ಚಿಂತೆಯಿಂದ ಎಂದು ಅವನೇ ಕಾರಣ ಕಂಡುಹಿಡಿದ. ಚಳಿಯೆಂದು ಕಾಲುಚೀಲವನ್ನೂ ಬಿಚ್ಚದೆ ಹೊದ್ದು ಮಲಗಿದ್ದಷ್ಟು ದಿನ ಹೆಂಡತಿ ಗಾಡಿ ಓಡಿಸಿದಳು. ತುಂಬಿದ ಗಾಡಿ ಆಸ್ಪತ್ರೆಯ ಏರನ್ನು ಎರಡನೇ ಗೇರಿನಲ್ಲಿ ಸದ್ದಿಲ್ಲದೆ ಹತ್ತಿತು. ಕಿಟಕಿ ತೆರೆದಿಟ್ಟದ್ದರಿಂದಲೋ ಏನೋ ವಾಸನೆಯೂ ಕಡಿಮೆಯಾಯಿತು. ಅವನು ಎದ್ದುಬಂದು ಸ್ಟೀರಿಂಗ್ ಹಿಡಿದ ದಿನವೇ ಏರಿನ ಅರ್ಧದಲ್ಲಿ ಎಂಜಿನ್ ಕೂಗಿ, ಗಾಡಿ ಕುಂಟಿ, ಸುಟ್ಟ ವಾಸನೆ ಎದ್ದಿತು. ವಾಚ್‌ಮನ್ ಗೂಡಿನಿಂದ ಹೊರಗೆ ಬಂದು ದೂರ ನಿಂತ.

"ಹೆಂಡ್ತಿ ಓಡಿಸಿದ್ರೆ ಸರಿಯಿರುತ್ತೆ, ಗಂಡ ಓಡಿಸಿದ್ರೆ ಕೆಡುತ್ತೆ," ಎಂದ ಭಾವ. "ಇದು ಕ್ಲಚ್ಚೋ ಸಂಸಾರವೋ?"

"ಅವಳು ಓಡಿಸಿದಾಗ ಗಾಡಿ ವಿಶ್ರಾಂತಿ ತಗೊಂಡಿದೆ."

"ವಿಶ್ರಾಂತಿ ತಗೊಂಡೇ ದಿನಕ್ಕೆರಡು ಸಲ ಏರು ಹತ್ತಿತಾ?"

"ನಾನು ಹೇಳಿದ್ರೆ ನಿಮಗೆ ಅರ್ಥ ಆಗಲ್ಲ ಭಾವ. ಅದು ಅಂಗಾಲಿಗೆ ಗೊತ್ತಾಗೋ ವಿಷಯ."

ಪ್ಲೇಟು ಇನ್ನೂ ಪೂರ್ತಿ ಸುಟ್ಟಿರಲಿಲ್ಲ. ಆದ್ದರಿಂದ ಕೀಲಿ ಇನ್ನೂ ಅವನದೇ ಎಂದು ಡ್ರೈವರ್ ವಾದಿಸಿದ. ಸುಡುವ ತನಕ ಕಾಯುವುದು ಯಾಕೆ ಎಂದು ಭಾವ ಕೇಳಿದ. ಮೇಸ್ತ್ರಿ ಒಂದು ಪರೀಕ್ಷೆ ಸೂಚಿಸಿದ. ಬ್ರೇಕ್ ಒತ್ತಿದರೆ ಹಿಂದೆ ದೀಪ ಹತ್ತುವುದಿಲ್ಲವೇ, ಅದೇ ಬಗೆಯ ಸ್ವಿಚ್ಚೊಂದನ್ನು ಕ್ಲಚ್ ಪೆಡಲಿಗೆ ಕೂರಿಸಿ, ತಂತಿ ಎಳೆದು, ಗಾಡಿಯ ಹಿಂಬಾಗಿಲ ಮೇಲೆ ಒಂದು ಕೆಂಪು ಬಲ್ಬು ಕಟ್ಟುವುದು. ಕಾಲು ಪೆಡಲಿಗೆ ತಗುಲಿದರೆ ಬಲ್ಬು ಹತ್ತಬೇಕು, ತೆಗೆದರೆ ಆರಬೇಕು.

"ಗೇರ್ ಬದಲಾಯಿಸೋವಾಗ ಹತ್ತಲಿ, ಬೇಡ ಅನ್ನಲ್ಲ," ಎಂದ ಮೇಸ್ತ್ರಿ. "ಮಿಕ್ಕ ಹೊತ್ತಿನಲ್ಲಿ ಹತ್ತಿದ್ರೆ ಯಾರು ಸುಳ್ಳ ಅಂತ ಊರೇ ನೋಡುತ್ತೆ."

"ಕಟ್ಟು," ಎಂದ ಡ್ರೈವರ್. "ಹತ್ತದಿದ್ರೆ ನೀನು ನಿನ್ನ ಶೆಡ್ಡಿನ ಮುಂದೆ ನಿಂತು, ಪ್ಲೇಟ್ ನಕಲಿ ಅಂತ ಹೇಳ್ಬೇಕು."

"ಹತ್ತಿದ್ರೆ?"

ಡ್ರೈವರ್ ಹೆಂಡತಿಯ ಕಡೆ ನೋಡಿದ. "ಕೀಲಿ ಅವಳದ್ದು."

ನಿಷ್ಪಕ್ಷಪಾತ ಸಾಕ್ಷಿಯಾಗಿ ಪಕ್ಕದ ಸೀಟಿನಲ್ಲಿ ವಾಚ್‌ಮನ್ನನನ್ನು ಕೂರಿಸಲು ತೀರ್ಮಾನವಾಯಿತು. ಅವನಷ್ಟು ಪಕ್ಷಪಾತಿ ಬೇರೆ ಯಾರೂ ಇರಲಿಲ್ಲ, ಆದರೆ ಅವನಷ್ಟು ಬಿಡುವಾಗಿಯೂ ಯಾರೂ ಇರಲಿಲ್ಲ.

ಬುಧವಾರ ಬೆಳಿಗ್ಗೆ, ಒಗೆದ ಹೊದಿಕೆಗಳನ್ನು ತುಂಬಿಕೊಂಡು ಗಾಡಿ ಹೊರಟಿತು. ಹಿಂದೆ ಸ್ಕೂಟರಿನಲ್ಲಿ ಭಾವ, ಅವನ ಬೆನ್ನಿಗೆ ತಂಗಿ. ಅದರ ಹಿಂದೆ ಮೇಸ್ತ್ರಿಯ ಬೈಕು. ಮೇಸ್ತ್ರಿ ಹಿಂದಿನ ದಿನವೇ ಸುದ್ದಿ ಹರಡಿದ್ದರಿಂದ ಹತ್ತು ಹನ್ನೆರಡು ಜನ ಸೈಕಲ್ಲುಗಳಲ್ಲಿ ಬಂದರು. ಅಂಗಡಿಗಳವರು ಬಾಗಿಲಿಗೆ ಬಂದು ನಿಂತರು.

ಮೊದಲನೇ ಗೇರಿನಲ್ಲಿ ಬಲ್ಬು ಹತ್ತಿತು. ಎರಡನೇ ಗೇರಿಗೆ ಹೋಗುವಾಗ ಹತ್ತಿಯೇ ಇತ್ತು. ಮೂರನೆಯದರಲ್ಲೂ ಹತ್ತಿಯೇ ಇತ್ತು. ಬೀದಿ ನೇರವಾಯಿತು, ಗೇರು ಬದಲಾಯಿಸುವ ಪ್ರಮೇಯವೇ ಇಲ್ಲದ ಸಪಾಟು ರಸ್ತೆ ಬಂತು, ಬಲ್ಬು ಆರಲಿಲ್ಲ. ಜನ ಕೇಕೆ ಹಾಕತೊಡಗಿದರು. ಕನ್ನಡಿಯಲ್ಲಿ ಜನರನ್ನು ಕಂಡ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ.

"ಕಾಲು ತೆಗಿ," ಎಂದ ವಾಚ್‌ಮನ್.

"ತೆಗೆದಿದೀನಲ್ಲ."

ವಾಚ್‌ಮನ್ ಬಗ್ಗಿ ನೋಡಿದ. ಬೂಟು ಪೆಡಲಿನ ಮೇಲೆ, ಕಟ್ಟೆಯ ಮೇಲೆ ಮಲಗಿದ ಬೆಕ್ಕಿನಂತೆ, ಹಾಯಾಗಿ ಕುಳಿತಿತ್ತು.

"ಈಗ ಎಲ್ಲಿದೆ ನಿನ್ನ ಕಾಲು?"

"ನೆಲದ ಮೇಲೆ."

"ಯಾವ ನೆಲ?"

"ಗಾಡೀಲಿ ಎಷ್ಟು ನೆಲ ಇರುತ್ತೆ ಮಾರಾಯ? ಒಂದೇ."

ವಾಚ್‌ಮನ್ ಅವನ ಮುಖ ನೋಡಿದ. ಗೇಟಿನಲ್ಲಿ ಕೂತು ದಿನವೂ ಸುಳ್ಳು ಕೇಳುವುದೇ ಅವನ ಉದ್ಯೋಗ. ರೋಗಿಗಳನ್ನು ನೋಡುವ ಹೊತ್ತು ಮುಗಿದ ಮೇಲೆ ಬಂದವರು, ಒಳಗೆ ಯಾರೂ ಇಲ್ಲದವರು, ಹಣ್ಣಿನ ಚೀಲದಲ್ಲಿ ಬಾಟಲಿ ಇಟ್ಟವರು, ಎಲ್ಲರ ಸುಳ್ಳೂ ಅವನಿಗೆ ಪರಿಚಿತ. ಈ ಮುಖದಲ್ಲಿ ಅದು ಕಾಣಲಿಲ್ಲ. ಅವನಿಗೆ ಯಾಕೋ ಹೆದರಿಕೆಯಾಯಿತು. ಏರು ಮುಗಿಯುವ ತನಕ ಆ ಬೂಟನ್ನೇ ನೋಡುತ್ತ ಕುಳಿತ.

ಏರಿನ ತುದಿಯಲ್ಲಿ, ಆಸ್ಪತ್ರೆಯ ಬಾಗಿಲ ಮುಂದೆ, ಹೊಗೆ ಬಿಡುತ್ತ ಗಾಡಿ ನಿಂತಿತು. ಭಾವ ಸ್ಕೂಟರಿಳಿದು ಬಂದು ಕೈ ಚಾಚಿದ. ಮೇಸ್ತ್ರಿ ಸುತ್ತಲಿನವರಿಗೆ ಹಿಂದೆ ಸರಿಯಲು ಹೇಳಿದ, ದೊಡ್ಡದೊಂದು ಶಸ್ತ್ರಚಿಕಿತ್ಸೆ ಮುಗಿಸಿದವನಂತೆ.

"ಸ್ವಿಚ್ ಅಂಟ್ಕೊಂಡಿದೆ," ಎಂದ ಡ್ರೈವರ್.

ಮೇಸ್ತ್ರಿ ಕೈಯಿಂದ ಪೆಡಲ್ ಒತ್ತಿದ. ಬಲ್ಬು ಹತ್ತಿತು. ಬಿಟ್ಟ. ಆರಿತು. ಜನ ನಕ್ಕರು.

"ಹಾಗಾದ್ರೆ ಬೂಟಿನ ಅಂಚು ತಗುಲಿದೆ. ನನ್ನ ಕಾಲಲ್ಲ, ಇವಳು ತಂದ ಬೂಟು. ಬರಿಗಾಲಲ್ಲಿ ಓಡಿಸಿ ತೋರಿಸ್ತೀನಿ. ನನ್ನ ವಿದ್ಯೆ ಇರೋದೇ ಬರಿಗಾಲಲ್ಲಿ."

ಅವನು ಸೀಟಿನಲ್ಲಿ ತಿರುಗಿ ಕುಳಿತು, ಕಾಲನ್ನು ಬಾಗಿಲಿನಿಂದ ಹೊರಗೆ ಚಾಚಿ, ಲೇಸು ಬಿಚ್ಚಿದ. ಬೂಟು ಎಳೆದರೆ ಬರಲಿಲ್ಲ. ಇನ್ನೊಮ್ಮೆ ಎಳೆದ. ಬಂತು. ಅದರೊಂದಿಗೆ ವಾಸನೆಯೂ ಬಂತು, ಇಷ್ಟು ದಿನ ಕ್ಯಾಬಿನ್ನಿನಲ್ಲಿದ್ದ ಅದೇ ವಾಸನೆ. ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಹೋದರು. ಕಾಲುಚೀಲ ಬೂದುಬಣ್ಣದ್ದು, ಆದರೆ ಅಡಿಯಲ್ಲಿ ಕಪ್ಪಾಗಿ, ಚರ್ಮಕ್ಕೆ ಅಂಟಿಕೊಂಡು ಗಟ್ಟಿಯಾಗಿತ್ತು. ಅವನು ಅದನ್ನೂ ಎಳೆಯಲು ಹೋದ.

"ರೀ, ನಿಲ್ಲಿ," ಎಂದಳು ಹೆಂಡತಿ. ಅವಳು ನೆಲದ ಮೇಲೆ ಕುಳಿತು, ಕಾಲನ್ನು ಮಡಿಲಿಗೆ ತೆಗೆದುಕೊಂಡು, ಚೀಲವನ್ನು ನಿಧಾನವಾಗಿ ಸುರುಳಿ ಬಿಡಿಸಿದಳು.

ಹೆಬ್ಬೆರಳಿನ ಬುಡದಲ್ಲಿ, ರಬ್ಬರಿಲ್ಲದ ಪೆಡಲಿನ ಕಬ್ಬಿಣ ಒತ್ತುವ ಜಾಗದಲ್ಲಿ, ಒಂದು ಕುಳಿ ಇತ್ತು. ಅಂಚು ಕಪ್ಪು. ಒಳಗೆ ಬಿಳಿಯದೇನೋ ಕಾಣುತ್ತಿತ್ತು. ಎರಡು ಬೆರಳುಗಳು ಬಣ್ಣ ಬದಲಾಯಿಸಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದ ಹಿರಿಯರು ಅಂಗಾಲಿನ ಹುಣ್ಣಿನ ಬಗ್ಗೆ ಏನೂ ಹೇಳಿ ಹೋಗಿಲ್ಲ.

"ನೋವಿಲ್ವೇನ್ರೀ?" ಎಂದಳು ಹೆಂಡತಿ.

"ಎಲ್ಲಿ?" ಎಂದ ಡ್ರೈವರ್.

ಆಮೇಲೆ ಯಾರೂ ನಗಲಿಲ್ಲ. ಮೇಸ್ತ್ರಿ ತನ್ನ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಯಾರಿಗೆಂದಿಲ್ಲದೆ, "ನಾನು ಗೇರ್ ಆಯಿಲ್ ಅಂದ್ಕೊಂಡಿದ್ದೆ," ಎಂದ. ವಾಚ್‌ಮನ್ ಒಳಗೆ ಓಡಿಹೋಗಿ ಗಾಲಿಕುರ್ಚಿ ತಂದ. ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಡ್ರೈವರ್ ಕುಳಿತುಕೊಳ್ಳುವ ಮುಂಚೆ ಅದರ ಬೇರಿಂಗ್ ಹೋಗಿದೆ ಎಂದು ಹೇಳಿದ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಕಾಲನ್ನು ನೋಡಿ, ಮುಖ ನೋಡಿ, "ಶುಗರ್ ಇದೆಯಾ?" ಎಂದು ಕೇಳಿದಳು.

"ಇತ್ತು. ವಾಸಿ ಮಾಡ್ಕೊಂಡೆ."

"ಹೇಗೆ?"

"ಚಹಾಗೆ ಸಕ್ಕರೆ ಬಿಟ್ಟೆ. ಒಂದು ತಿಂಗಳು."

ಅವಳು ಒಂದು ಸೂಜಿ ತೆಗೆದುಕೊಂಡು, ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗ ಹೇಳಿ ಎಂದಳು. ಡ್ರೈವರ್ ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿದ. ಭಾವ, ಹೆಂಡತಿ, ಬಾಗಿಲ ಹತ್ತಿರ ಮೇಸ್ತ್ರಿ ನಿಂತಿದ್ದರು. ಸೂಜಿ ಹಿಮ್ಮಡಿಗೆ ಇಳಿಯಿತು.

"ಈಗ?"

"ಇನ್ನೂ ಇಲ್ಲ."

ಸೂಜಿ ಪಾದದ ಮಧ್ಯಕ್ಕೆ ಇಳಿಯಿತು. ಒಂದು ತೊಟ್ಟು ರಕ್ತ ಬಂತು.

"ಈಗ?"

"ಮುಟ್ಟಿ, ಪರವಾಗಿಲ್ಲ," ಎಂದ ಡ್ರೈವರ್, ಕಣ್ಣು ಮುಚ್ಚಿಕೊಂಡೇ. "ಹೆದರ್ಕೋಬೇಡಿ ಡಾಕ್ಟ್ರೇ. ನನ್ನ ಕಾಲು ಬಹಳ ಸೂಕ್ಷ್ಮ. ಸ್ವಲ್ಪ ತಗುಲಿದ್ರೂ ಗೊತ್ತಾಗುತ್ತೆ."

ಭಾವ ಹೊರಗೆ ಹೋದ.

ಮೂಳೆಗೂ ತಗುಲಿದೆ, ವಿಷ ಏರುತ್ತಿದೆ, ಜ್ವರ ಬಂದಾಗಲೇ ಬರಬೇಕಾಗಿತ್ತು, ಇವತ್ತೇ ತೆಗೆಯಬೇಕು ಎಂದು ಡಾಕ್ಟರ್ ಹೆಂಡತಿಗೆ ಹೇಳಿದಳು. ಏನನ್ನು ತೆಗೆಯಬೇಕು ಎಂದು ಡ್ರೈವರ್ ಕೇಳಿದ. ಹೆಂಡತಿ ಹೇಳಿದಳು. ಅವನು ಜೇಬಿನಿಂದ ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ.

"ನಾನು ಸುಳ್ಳು ಹೇಳಿರಲಿಲ್ಲ," ಎಂದ.

"ಗೊತ್ತು."

"ನಾಲ್ಕನೇ ಪ್ಲೇಟು ಇನ್ನೂ ಪೂರ್ತಿ ಹೋಗಿಲ್ಲ. ನಿಮ್ಮಣ್ಣಂಗೆ ಹೇಳು. ಕೀಲಿ ಇನ್ನೂ ನಂದೇ."

"ನಿಮ್ದೇ. ಇಟ್ಕೊಳ್ಳಿ."

ಮಧ್ಯಾಹ್ನ ಮೂರು ಗಂಟೆಗೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಒಳಗೆ ಕರೆದೊಯ್ಯುವ ಮುಂಚೆ ನರ್ಸು ಅವನ ಮುಷ್ಟಿ ಬಿಡಿಸಿ, ಕೀಲಿಯನ್ನು ಗಡಿಯಾರದ ಜೊತೆ ಒಂದು ಕವರಿನಲ್ಲಿ ಹಾಕಿ ಹೆಂಡತಿಗೆ ಕೊಟ್ಟಿದ್ದಳು. ಅವನಿಗೆ ಎಚ್ಚರವಾಗುವ ತನಕ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಆಮೇಲೆ ಕೆಳಗಿಳಿದು ಬಂದು, ಅಂದಿನ ಕೊಳೆ ಬಟ್ಟೆಯ ಗಂಟುಗಳನ್ನು ವಾಚ್‌ಮನ್ನನ ಜೊತೆ ಸೇರಿ ಗಾಡಿಗೆ ಏರಿಸಿ, ಸೀಟನ್ನು ಮುಂದಕ್ಕೆ ಎಳೆದುಕೊಂಡು ಲಾಂಡ್ರಿಗೆ ಹೋದಳು.